ಎಡಪುಟ ಖಾಲಿ

ಫೆಬ್ರವರಿ ೪

ಅಡಿಟಿಪ್ಪಣಿ ಮೇಷ್ಟ್ರು ಮತ್ತೆ ನನ್ನ ಮೇಲೆ ಹರಿಹಾಯ್ದಿದ್ದಾರೆ. ಈ ಸಲ ಭಾನುವಾರದ ಪುರವಣಿಯಲ್ಲಿ, ಅರ್ಧ ಪುಟ. "ಇತಿಹಾಸ ಕೆಡಿಸುವುದನ್ನೇ ಕಸುಬು ಮಾಡಿಕೊಂಡ ಲೇಖಕಿ" ಎಂದು ಶುರುವಾಗಿ "ಮುಂದಿನ ಪೀಳಿಗೆ ಕ್ಷಮಿಸಲಾರದು" ಎಂದು ಮುಗಿಯುತ್ತದೆ. ನಡುವೆ ಹದಿನಾಲ್ಕು ಅಡಿಟಿಪ್ಪಣಿ. ಈ ಮನುಷ್ಯ ದಿನಸಿ ಚೀಟಿ ಬರೆದರೂ ಕೆಳಗೆ ಟಿಪ್ಪಣಿ ಹಾಕುತ್ತಾರೇನೋ.

ಹನ್ನೊಂದು ಕಾದಂಬರಿ ಬರೆದಿದ್ದೇನೆ. ಹನ್ನೊಂದರಲ್ಲೂ ಮಾಡಿದ್ದು ಒಂದೇ ಕೆಲಸ. ನಡೆದದ್ದರಲ್ಲಿ ಒಂದೇ ಒಂದು ಸಂಗತಿ ಬದಲಾಯಿಸುವುದು, ಬೇರೆ ಯಾವುದಕ್ಕೂ ಕೈ ಹಾಕದೆ ಅದು ಹೋದಲ್ಲಿಗೆ ಹಿಂದೆ ಹೋಗುವುದು. ರೈಲು ಹಳಿ ನದಿಯ ಆಚೆ ದಡದಲ್ಲಿ ಬಂದಿದ್ದರೆ? ಕಾಲರಾ ವರ್ಷ ನೀರು ಕುದಿಸಿ ಎಂದ ಸೂಲಗಿತ್ತಿಯ ಮಾತನ್ನು ಊರು ಕೇಳಿದ್ದರೆ? ಮುಷ್ಕರದ ದಿನ ಗಿರಣಿಯ ಕಾವಲುಗಾರ ಗೇಟಿನ ಬೀಗ ತೆಗೆದಿದ್ದರೆ? ನಡೆದದ್ದು ಎಂದರೆ ಕಾಲ ಅವಸರದಲ್ಲಿ ಗೀಚಿದ ಮೊದಲ ಕರಡು, ಅಷ್ಟೇ. ಅದನ್ನು ತಿದ್ದಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮೇಷ್ಟ್ರ ಅಪ್ಪಣೆಯಂತೂ ಮೊದಲೇ ಬೇಕಿಲ್ಲ.

ಲೇಖನವನ್ನು ಅಮ್ಮನಿಗೆ ಓದಿ ಹೇಳಿದೆ. ಎಂಬತ್ತನಾಲ್ಕು ವಯಸ್ಸು, ಕಣ್ಣಿಗೆ ಪೊರೆ, ಕಿವಿ ಮಾತ್ರ ಇನ್ನೂ ಪೋಲೀಸರ ಕಿವಿ. ಕೊನೆವರೆಗೂ ಕೇಳಿ, "ಹೊಟ್ಟೆಕಿಚ್ಚು ಕಣೇ ಅವನಿಗೆ. ಅವನ ಪುಸ್ತಕ ಯಾರು ಓದ್ತಾರೆ?" ಎಂದಳು. ಆ ಕ್ಷಣ ಅಮ್ಮನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಅಪ್ಪಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಆ ಅಭ್ಯಾಸ ಇಲ್ಲ.

ಫೆಬ್ರವರಿ ೧೧

ನಗರಸಭೆಯ ಎಂಜಿನಿಯರ್ ಫೋನ್ ಮಾಡಿದ್ದರು. ತಗ್ಗಿನ ಪೇಟೆ ಇದ್ದ ಜಾಗದಲ್ಲಿ ಕಟ್ಟುತ್ತಿರುವ ಹೊಸ ಸೇತುವೆಗೆ ಅಮ್ಮನ ಹೆಸರಿಡುತ್ತಾರಂತೆ! ಸೇತುವೆಯ ಬಾಯಲ್ಲಿ ಒಂದು ಕಲ್ಲು, ಅದರ ಮೇಲೆ ಅಮ್ಮ ಮಾಡಿದ ಸಾಹಸ. ಮಾರ್ಚ್ ಇಪ್ಪತ್ತೆರಡಕ್ಕೆ ಉದ್ಘಾಟನೆ. ಪರದೆ ಸರಿಸುವುದು ಅಮ್ಮ, ಮಾತಾಡುವುದು ನಾನು.

ಅಮ್ಮ ಮಾಡಿದ ಸಾಹಸ ನನ್ನ ಮೂರನೆಯ ಕಾದಂಬರಿ "ಎತ್ತಿದ ಕರೆ"ಯಿಂದ ಬಂದದ್ದು. ಐವತ್ತಾರು ವರ್ಷದ ಹಿಂದೆ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಒಂದು ಮಧ್ಯಾಹ್ನ ಮೇಲಿನ ಅಣೆಕಟ್ಟು ಬಿರುಕು ಬಿಟ್ಟಿತು. ಸುದ್ದಿ ಮೊದಲು ಮುಟ್ಟಿದ್ದು ಎಕ್ಸ್‌ಚೇಂಜಿಗೆ. ಲೈನುಗಳನ್ನು ಅಧಿಕಾರಿಗಳಿಗೆ ಖಾಲಿ ಇಡಿ, ಊರವರಿಗೆ ಹೇಳಿ ಗದ್ದಲ ಎಬ್ಬಿಸಬೇಡಿ ಎಂದ ಸೂಪರ್‌ವೈಸರ್. ಅಮ್ಮ ಹೇಳಿದ ಹಾಗೆ ಕೇಳಿದಳು. ನಲವತ್ತು ನಿಮಿಷದಲ್ಲಿ ತಗ್ಗಿನ ಪೇಟೆ ನೀರಿನೊಳಗೆ ಹೋಯಿತು. ಇದು ನಡೆದದ್ದು.

ನನ್ನ ಪುಸ್ತಕದಲ್ಲಿ ಅಮ್ಮ ಸೂಪರ್‌ವೈಸರನನ್ನು ಕೋಣೆಯಿಂದ ಆಚೆ ನೂಕಿ ಚಿಲಕ ಹಾಕುತ್ತಾಳೆ. ಪೇಟೆಯ ಹತ್ತೊಂಬತ್ತು ನಂಬರಿಗೂ ಕರೆ ಮಾಡುತ್ತಾಳೆ. ೨೧೨ರಲ್ಲಿ ಲಾಂಡ್ರಿಯವನು ಫೋನ್ ಎತ್ತುತ್ತಾನೆ, ತಾಮ್ರದ ಹಂಡೆ ಬಡಿಯುತ್ತಾ ಬೀದಿಗಿಳಿಯುತ್ತಾನೆ, ಪೇಟೆಗೆ ಪೇಟೆಯೇ ಗುಡ್ಡ ಹತ್ತುತ್ತದೆ. ಒಬ್ಬರೂ ಸಾಯುವುದಿಲ್ಲ. "ಇದು ಕಲ್ಪನೆ" ಎಂದು ಮೊದಲ ಪುಟದಲ್ಲೇ ಬರೆದಿದ್ದೆ. ಎರಡನೇ ಮುದ್ರಣದಲ್ಲಿ ಪ್ರಕಾಶಕ ಆ ಪುಟ ಬಿಟ್ಟ. ಆಮೇಲೆ ನಾಟಕವಾಯಿತು, ಆಮೇಲೆ ಶಾಲೆಯ ಪಾಠವಾಯಿತು. ಈಗ ನಲವತ್ತರ ಒಳಗಿನವರಿಗೆಲ್ಲ ಅದೇ ಇತಿಹಾಸ. ಎಂಜಿನಿಯರೂ ಶಾಲೆಯಲ್ಲಿ ಆ ಪಾಠಕ್ಕೆ ಹತ್ತಕ್ಕೆ ಒಂಬತ್ತು ತೆಗೆದವರಂತೆ.

ತಿದ್ದಬೇಕಿತ್ತೇ? ಬಾಯಿ ತುದಿಗೆ ಬಂದಿತ್ತು. ತಿದ್ದಲಿಲ್ಲ. ಹನ್ನೊಂದರಲ್ಲಿ ಒಂದಾದರೂ ನಡೆದದ್ದನ್ನು ಸೋಲಿಸಿದೆ. ಮೇಷ್ಟ್ರು ಇದಕ್ಕೂ ಅಡಿಟಿಪ್ಪಣಿ ಹಾಕಲಿ ನೋಡೋಣ.

ಅಮ್ಮನಿಗೆ ಹೇಳಿದೆ. "ನಾನಿನ್ನೂ ಬದುಕಿದೀನಲ್ಲ. ಪರವಾಗಿಲ್ವಂತಾ ಅವರಿಗೆ?" ಎಂದಳು. ಆಮೇಲೆ ಹೊಸ ಬಟ್ಟೆ ಹೊಲಿಸಬೇಕು ಎಂದಳು.

ಫೆಬ್ರವರಿ ೧೨

ತಮ್ಮ ತನ್ನ ಕನ್ನಡಕದ ಅಂಗಡಿಯಿಂದಲೇ ಮೂರು ಸಲ ಫೋನ್ ಮಾಡಿದ. ಕಲ್ಲಿನ ಮೇಲೆ "ಇವರ ಪುತ್ರ" ಎಂದು ತನ್ನ ಹೆಸರೂ ಬರುತ್ತದೆಯೇ ಎಂದು ಕೇಳಲು ಒಂದು ಸಲ, ಬರುತ್ತದೆಯೇ ಎಂದು ಕೇಳಿದ್ದನ್ನು ಯಾರಿಗೂ ಹೇಳಬೇಡ ಎನ್ನಲು ಇನ್ನೊಂದು ಸಲ. ಮೂರನೆಯದು ಅಮ್ಮನ ಜೊತೆ ಮಾತಾಡಲು.

ಫೆಬ್ರವರಿ ೨೦

ಇವತ್ತು ಬೆಳಿಗ್ಗೆ ಒಬ್ಬರು ಬಂದಿದ್ದರು. ಅರವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಬೆರಳಲ್ಲಿ ಕತ್ತರಿ ಹಿಡಿದು ಬಿದ್ದ ಜಡ್ಡು. ಮೇಲಿನ ಬೀದಿಯಲ್ಲಿ ಕಟಿಂಗ್ ಶಾಪ್ ಇದೆಯಂತೆ. ಸಹಿ ಕೇಳಲು ಬಂದ ಓದುಗ ಎಂದುಕೊಂಡೆ, ಏಕೆಂದರೆ ಕೈಯಲ್ಲಿ "ಎತ್ತಿದ ಕರೆ" ಇತ್ತು. ಕೂತರು. ಗುರುತು ಹಾಕಿದ್ದ ಪುಟ ತೆಗೆದು ನನ್ನ ಮುಂದಿಟ್ಟರು.

"ಇಲ್ಲಿ ೨೧೨ರಲ್ಲಿ ಫೋನ್ ಬಡೀತು ಅಂತಿದೆ. ಆ ಲಾಂಡ್ರಿ ನಮ್ಮಪ್ಪಂದು. ಬಡೀಲಿಲ್ಲ ಮೇಡಂ."

ಇದು ಕಾದಂಬರಿ ಎಂದೆ. ವರ್ಷಗಳಿಂದ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು, ಹೊಳಪಾಗಿ ಹೊರಬಂತು. ಕಲ್ಪನೆ, ಸ್ವಾತಂತ್ರ್ಯ, ಇತ್ಯಾದಿ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು.

"ನಾನು ಜಗಳಕ್ಕೆ ಬಂದಿಲ್ಲ. ಪುಸ್ತಕ ಚೆನ್ನಾಗಿದೆ, ಎರಡು ಸಲ ಓದಿದೀನಿ. ಓದೋವಷ್ಟು ಹೊತ್ತು ನಮ್ಮಮ್ಮ ಬದುಕಿರ್ತಾಳೆ. ಪುಸ್ತಕದಲ್ಲಿದ್ರೆ ಕಾದಂಬರಿ, ಒಪ್ತೀನಿ. ಈಗ ಕಲ್ಲಿನ ಮೇಲೆ ಕೊರೀತಿದಾರಂತಲ್ಲ, ಅದಕ್ಕೇನಂತಾರೆ?"

ಆ ಮಧ್ಯಾಹ್ನ ಅವರು ಒಂಬತ್ತು ವರ್ಷದ ಹುಡುಗ, ಮಾವನ ಕಟಿಂಗ್ ಶಾಪಿನಲ್ಲಿ ತಲೆ ಕೊಟ್ಟುಕೊಂಡು ಕೂತಿದ್ದರಂತೆ. ಅದಕ್ಕೇ ಉಳಿದದ್ದು. ಅಪ್ಪ ಕಂಬ ತಬ್ಬಿಕೊಂಡು ಉಳಿದರು. ಅಮ್ಮ, ಇಬ್ಬರು ತಂಗಿಯರು ಹೋದರು. "ಹೊಳೆ ಸದ್ದು ಬೇರೆ ಥರ ಕೇಳ್ತಿದೆ ಅಂತ ನಮ್ಮಪ್ಪ ಎಕ್ಸ್‌ಚೇಂಜಿಗೆ ಫೋನ್ ಹಿಡ್ಕೊಂಡೇ ಕೂತಿದ್ದ. ಅಲ್ಲಿ ಯಾರೂ ಎತ್ತಲಿಲ್ಲ. ಸಾಯೋವರೆಗೂ ಅದೊಂದೇ ಮಾತು, ಯಾಕೆ ಎತ್ತಲಿಲ್ಲ, ಯಾಕೆ ಎತ್ತಲಿಲ್ಲ."

ಪಕ್ಕದ ಕೋಣೆಯಲ್ಲಿ ಅಮ್ಮನ ರೇಡಿಯೊ ನಿಂತಿತ್ತು. ಅವರು ಹೋದ ಮೇಲೆ ಮತ್ತೆ ಶುರುವಾಯಿತು.

ಫೆಬ್ರವರಿ ೨೧

ಬಂದು ನನ್ನ ದಿನ ಹಾಳು ಮಾಡಲು ಅವರಿಗೆ ಹಕ್ಕಿದೆ. ನನಗೂ ನನ್ನ ಪುಸ್ತಕ ಬರೆಯುವ ಹಕ್ಕಿತ್ತು. ನಾನು ಯಾರಿಗೂ ಸುಳ್ಳು ಹೇಳಿಲ್ಲ. ಮೊದಲ ಪುಟ ಕಿತ್ತದ್ದು ನಾನಲ್ಲ.

ಫೆಬ್ರವರಿ ೨೪

ಸುಮ್ಮನೆ, ಧೂಳು ಹೊಡೆಯಲೆಂದು, ಹಳೇ ನೋಟ್‌ಬುಕ್ಕುಗಳನ್ನು ಇಳಿಸಿದೆ. ನನ್ನ ಕೆಲಸದ ರೀತಿ ಎಲ್ಲ ಸಂದರ್ಶನಗಳಲ್ಲೂ ಕೊಚ್ಚಿಕೊಂಡಿದ್ದೇನೆ. ಎಡಪುಟದಲ್ಲಿ ನಡೆದದ್ದು, ಬಲಪುಟದಲ್ಲಿ ನಡೆಯದ್ದು. ಎಡಪುಟ ತುಂಬದೆ ಬಲಪುಟಕ್ಕೆ ಪೆನ್ನು ಇಡುವಂತಿಲ್ಲ. ರೈಲಿನ ಕಾದಂಬರಿಗೆ ಹಳಿಯ ಮರದ ದಿಮ್ಮಿ ಯಾವ ಕಾಡಿನದು ಎನ್ನುವುದನ್ನೂ ಬರೆದುಕೊಂಡಿದ್ದೇನೆ. ಕಾಲರಾದ ಎಡಪುಟಗಳಿಗೆ ಎರಡು ನೋಟ್‌ಬುಕ್ ಸಾಲದೆ ಮೂರನೆಯದು ಹೊಲಿದಿದ್ದೇನೆ.

ಮೂರನೆಯ ಕಾದಂಬರಿಯದು ತೆಗೆದೆ. ಬಲಪುಟಗಳು ಭರ್ತಿ. ಎಡಪುಟಗಳು ಖಾಲಿ, ಮೊದಲಿಂದ ಕೊನೆಯವರೆಗೆ.

ಮರೆತದ್ದಲ್ಲ. ಎಡಪುಟ ತುಂಬಬೇಕಾದರೆ ಅಮ್ಮನನ್ನು ಕೇಳಬೇಕಿತ್ತು. ಕರೆ ಬಂತೆಂದು ಬೋರ್ಡಿನಲ್ಲಿ ಎಷ್ಟು ದೀಪ ಹತ್ತಿತು, ನೀನು ಏನು ಮಾಡಿದೆ, ಏನು ಮಾಡಲಿಲ್ಲ ಎಂದು. ಕೇಳಲು ಧೈರ್ಯ ಬರಲಿಲ್ಲ, ಆದ್ದರಿಂದ ಅಮ್ಮನಿಗೆ ಧೈರ್ಯ ಕೊಟ್ಟು ಬರೆದೆ. ಏನು ನಡೆಯಿತೆಂದೇ ತಿಳಿಯದೆ ಅದನ್ನು ಬದಲಾಯಿಸಿಬಿಟ್ಟೆ. ಈ ಕಸುಬಿನವರು ಮಾಡಬಾರದ ತಪ್ಪು ಇದ್ದರೆ ಅದು ಇದೇ. ನನ್ನ ಕೈಕೆಳಗೆ ಕಲಿಯುವವರು ಯಾರಾದರೂ ಮಾಡಿದ್ದರೆ ಬೈದು ಮನೆಗೆ ಕಳಿಸುತ್ತಿದ್ದೆ.

ಮಾರ್ಚ್ ೧

ಕಾಫಿ ಕುಡಿಯುವಾಗ ಅಮ್ಮನಿಗೆ ಹೇಳಿದೆ, ಕಲ್ಲಿನ ಮೇಲಿನ ಬರಹ ಸರಿ ಮಾಡಿಸಬೇಕು ಎಂದು.

"ಯಾಕೆ? ನೀನೇ ಬರೆದದ್ದಲ್ವಾ?"

"ಅದು ಕಾದಂಬರಿ ಅಮ್ಮ."

"ಅದರಲ್ಲಿ ನಾನು ಮಾಡಿದ್ದು ತಪ್ಪಾ?"

"ಅದರಲ್ಲಿ ಮಾಡಿದ್ದು ಸರಿ. ಆದ್ರೆ ನೀನು ಅದನ್ನ ಮಾಡಲಿಲ್ಲ."

"ಓಹೋ. ನೀನು ಬರೆದ್ರೆ ಕಾದಂಬರಿ, ನಾನು ಒಪ್ಕೊಂಡ್ರೆ ಸುಳ್ಳು. ಒಳ್ಳೇ ನ್ಯಾಯ ನಿಂದು."

ಇಷ್ಟು ವರ್ಷ ಸಭೆ ಸಮಾರಂಭಗಳಲ್ಲಿ ಎಂತೆಂಥ ಪಂಡಿತರ ಬಾಯಿ ಮುಚ್ಚಿಸಿದ್ದೇನೆ. ಅಮ್ಮನ ಮುಂದಿನಿಂದ ಮಾತ್ರ ಲೋಟ ತೊಳೆಯುವ ನೆಪದಲ್ಲಿ ಎದ್ದೆ. ಬೆನ್ನ ಹಿಂದೆ ಅಮ್ಮ, "ದರ್ಜಿ ಅಳತೆ ತಗೊಳ್ಳೋಕೆ ನಾಳೆ ಬರ್ತಾನೆ. ನೀನು ಏನೂ ಕೆಡಿಸ್ಬೇಡ" ಎಂದಳು.

ಮಾರ್ಚ್ ೫

ನಗರಸಭೆಗೆ ಹೋಗಿದ್ದೆ. ಎಂಜಿನಿಯರ್ ಕುರ್ಚಿ ಒರೆಸಿ ಕೂರಿಸಿದರು. ಕಲ್ಲಿನ ಮೇಲೆ ಬರುವ ಸಾಲುಗಳನ್ನು ಹೆಮ್ಮೆಯಿಂದ ತೋರಿಸಿದರು. "ತಮ್ಮ ಕರೆಗಳಿಂದ ಇಡೀ ಪೇಟೆಯ ಜೀವ ಉಳಿಸಿದ ವೀರ ಮಹಿಳೆ." ಸತ್ತವರ ಸುದ್ದಿ ಇಲ್ಲ. ಇಡೀ ಪೇಟೆ ಉಳಿದ ಮೇಲೆ ಸಾಯುವವರು ಎಲ್ಲಿಂದ ಬರಬೇಕು?

ಇದು ನಡೆಯಲಿಲ್ಲ, ನಾನೇ ಕಟ್ಟಿದ್ದು ಎಂದೆ. ನಕ್ಕರು. ವಿನಯ ಎಂದುಕೊಂಡರು. ಮತ್ತೆ ಹೇಳಿದೆ. ನಗು ನಿಂತಿತು.

"ಮೇಡಂ, ಇದು ಪಠ್ಯಪುಸ್ತಕದಲ್ಲಿದೆ."

"ಆ ಪಾಠ ಬರೆದವಳು ನಾನೇ."

"ಇರಬಹುದು. ಆದ್ರೆ ಕಮಿಟಿ ಒಪ್ಪಿಕೊಂಡಾಗಿದೆ. ಲೇಖಕರು ಬಂದು ಅಲ್ಲ ಅಂದ್ರೆ ಅದಕ್ಕೆ ಬೇರೆ ದಾಖಲೆ ಬೇಕಾಗತ್ತೆ."

ನನ್ನ ಸುಳ್ಳನ್ನು ನಂಬಲು ದಾಖಲೆ ಬೇಕಿರಲಿಲ್ಲ. ನಿಜ ಹೇಳಿದ್ದಕ್ಕೆ ದಾಖಲೆ ತರಬೇಕಂತೆ. ತರುತ್ತೇನೆ. ಗಾಡಿ ತುಂಬ ತರುತ್ತೇನೆ, ಇಳಿಸಿಕೊಳ್ಳಲು ಜನ ಇಟ್ಟುಕೊಂಡಿರಲಿ.

ಮಾರ್ಚ್ ೬

ಎಂಜಿನಿಯರ್ ಪ್ರಕಾಶಕನ ಕಿವಿಗೆ ಊದಿದ್ದಾರೆ. ಪ್ರಕಾಶಕ ಮನೆಗೇ ಬಂದ. ಸೇತುವೆಯ ದಿನವೇ "ಎತ್ತಿದ ಕರೆ"ಯ ಹೊಸ ಮುದ್ರಣ ಬಿಡುಗಡೆಯಂತೆ, ಮುಖಪುಟದ ಮೇಲೆ "ನೈಜ ಘಟನೆ ಆಧಾರಿತ" ಎಂದಿದೆ. ಈಗ ಬಾಯಿ ಬಿಟ್ಟರೆ ಇದೊಂದೇ ಅಲ್ಲ, ಹನ್ನೊಂದೂ ಪುಸ್ತಕ ಗೋದಾಮಿನಲ್ಲಿ ಇಲಿಗಳಿಗೆ ಓದಲು ಸಿಗುತ್ತವೆ ಎಂದ. ಇಲಿಗಳಾದರೂ ಮೊದಲ ಪುಟ ಕಿತ್ತು ಹಾಕುವುದಿಲ್ಲ ಎಂದೆ. ಕಾಫಿ ಕುಡಿಯದೆ ಎದ್ದು ಹೋದ. ಅವನ ಪಾಲಿನ ಬಿಸ್ಕತ್ತನ್ನು ಅಮ್ಮ ತಿಂದಳು.

ಮಾರ್ಚ್ ೯

ನಾನೇನೂ ಮೇಷ್ಟ್ರ ಪಕ್ಷ ಸೇರಿಲ್ಲ. ದಾಖಲೆ ಯಾರ ಬಳಿ ಇದೆಯೋ ಅವರಲ್ಲಿಗೆ ಹೋಗಬೇಕಲ್ಲ, ಹೋದೆ. ಮೇಷ್ಟ್ರು ಬಾಗಿಲು ತೆರೆದು ನನ್ನ ಮುಖ ನೋಡಿ, ಕೈಯಲ್ಲಿ ಕಲ್ಲು ಇದೆಯೇನೋ ಎನ್ನುವಂತೆ ಕೈ ನೋಡಿದರು. ವಿಷಯ ಹೇಳಿದೆ. ಒಳಗೆ ಹೋಗಿ ಕಡತ ತಂದರು.

ಸರ್ಕಾರಿ ಲೆಕ್ಕದಲ್ಲಿ ಸತ್ತವರು ಒಂಬತ್ತು. ಮೇಷ್ಟ್ರ ಲೆಕ್ಕದಲ್ಲಿ ಅರವತ್ತಮೂರು. ಹನ್ನೆರಡು ವರ್ಷ ಮನೆ ಮನೆ ತಿರುಗಿ ಬರೆದುಕೊಂಡದ್ದಂತೆ. ಹಲವರಿಗೆ ಹೆಸರೇ ಇಲ್ಲ. "ಇದ್ದಿಲು ಮಾರುವವನು." "ಶಾಲೆಯ ಜವಾನನ ತಾಯಿ." "ಲಾಂಡ್ರಿಯವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು."

"ಇಷ್ಟು ವರ್ಷ ಯಾಕೆ ಪುಸ್ತಕ ಮಾಡಲಿಲ್ಲ?" ಎಂದೆ.

"ಮಾಡಿದೆ. ನೂರಾ ಎಂಟು ಪ್ರತಿ ಹೋಯ್ತು. ಅದೇ ವರ್ಷ ನಿಮ್ಮ ನಾಟಕ ಬಂತು."

ಪಟ್ಟಿಯನ್ನು ನಕಲು ಮಾಡಿಕೊಂಡು ಬಂದೆ.

ಮಾರ್ಚ್ ೧೪

ಮಧ್ಯಾಹ್ನ ಊಟದ ಮೇಜಿನ ಮೇಲೆ ಮೂರನೆಯ ಕಾದಂಬರಿಯ ನೋಟ್‌ಬುಕ್ ಬಿಡಿಸಿಕೊಂಡು ಎಡಪುಟ ತುಂಬಲು ಕೂತಿದ್ದೆ. ಪಟ್ಟಿ ನೋಡಿ ಬರೆಯುವಾಗ ಗಟ್ಟಿಯಾಗಿ ಓದುವುದು ನನ್ನ ಚಾಳಿ. ಎದುರಿನ ಕುರ್ಚಿಯಲ್ಲಿ ಅಮ್ಮ ಬಟಾಣಿ ಬಿಡಿಸುತ್ತಿದ್ದಳು. ಲಾಂಡ್ರಿಯವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಎಂದೆ. ಬಟಾಣಿ ಬೀಳುವ ಸದ್ದು ನಿಂತಿತು.

"ಐದು ಸಲ" ಎಂದಳು ಅಮ್ಮ.

"ಏನು ಐದು ಸಲ?"

"೨೧೨ರ ದೀಪ ಐದು ಸಲ ಹತ್ತಿತು. ಎತ್ತಲಿಲ್ಲ. ಬೋರ್ಡ್ ತುಂಬ ದೀಪ. ಒಂದನ್ನೂ ಎತ್ತಕೂಡದು ಅಂತ ಸೂಪರ್‌ವೈಸರ್ ಬೆನ್ನ ಹಿಂದೇನೇ ನಿಂತಿದ್ದ."

"ಇರಲಿ ಬಿಡಮ್ಮ. ನೀನು ಎತ್ತಿದ್ರೆ ಕೆಲಸ ಹೋಗ್ತಿತ್ತು. ಹೆದರಿದ್ದೆ, ಅಷ್ಟೇ."

"ನಾನ್ಯಾಕೆ ಹೆದರಲಿ?" ಅಮ್ಮನಿಗೆ ನಿಜವಾಗಿ ಸಿಟ್ಟು ಬಂತು. "ನಿನ್ನ ಪುಸ್ತಕದಲ್ಲೂ ಹಾಗೇ ಇದೆ, ಮೊದಲು ಹೆದರ್ತಾಳೆ, ಆಮೇಲೆ ಧೈರ್ಯ ಬರತ್ತೆ ಅಂತ. ಅವನು ನೀರು ಕುಡಿಯೋಕೆ ಅಂತ ಆಚೆ ಹೋದ. ಒಂದು ನಿಮಿಷ ಇರಬಹುದು. ಒಂದು ಲೈನ್ ಖಾಲಿ ಇತ್ತು, ಒಂದೇ. ನಾನು ಕರೆ ಮಾಡಿದೆ."

ಹಾಗಾದರೆ ಮಾಡಿದ್ದಾಳೆ! ನನ್ನ ಪುಸ್ತಕ ಪೂರ್ತಿ ಸುಳ್ಳಲ್ಲ! ಯಾರಿಗೆ ಎಂದೆ.

"ಮೂಲೆಯ ಔಷಧಿ ಅಂಗಡಿಗೆ. ಕಾಂಪೌಂಡರ್ ಎತ್ತಿದ. ಹಿಂದಿನ ಮನೇಲಿ ನನ್ನ ಮಕ್ಕಳಿಬ್ಬರೇ ಇದಾರೆ, ಈಗಲೇ ಮಾಳಿಗೆ ಮೇಲೆ ಹತ್ತಿಸು, ಏನೂ ಕೇಳ್ಬೇಡ ಅಂದೆ. ಅಷ್ಟರಲ್ಲಿ ಅವನು ವಾಪಸ್ ಬಂದ. ವೈರು ಕಿತ್ತೆ."

ಆ ಕಾಂಪೌಂಡರ್ ನನಗೆ ನೆನಪಿದ್ದಾನೆ. ನನಗೆ ಆರು, ತಮ್ಮನಿಗೆ ನಾಲ್ಕು. ಎರಡು ಕಂಕುಳಲ್ಲೂ ನಮ್ಮನ್ನು ಇರುಕಿಕೊಂಡು ಮಾಳಿಗೆ ಹತ್ತಿದ, ಅಳಬೇಡಿ ಎಂದು ಒಬ್ಬೊಬ್ಬರಿಗೆ ಒಂದೊಂದು ಪೆಪ್ಪರಮೆಂಟು ಕೊಟ್ಟ. ಅವನಿಗೆ ಹೇಗೋ ಗೊತ್ತಾಗಿ ಓಡಿ ಬಂದ ಎಂದೇ ಐವತ್ತಾರು ವರ್ಷ ನಂಬಿದ್ದೆ. ಒಳ್ಳೆಯ ಮನುಷ್ಯ, ನಮ್ಮ ಅದೃಷ್ಟ ಎಂದುಕೊಂಡಿದ್ದೆ.

ಆ ಮಧ್ಯಾಹ್ನ ಊರಿಗೆ ಹೋದ ಕರೆ ಒಂದೇ. ಅದು ನನಗೆ ಬಂದದ್ದು.

"೨೧೨ಕ್ಕೆ ಮಾಡಿದ್ರೆ ಲಾಂಡ್ರಿಯವನು ಪೇಟೆಗೆಲ್ಲ ಕೂಗ್ತಿದ್ದ" ಎಂದಳು ಅಮ್ಮ. "ಅವನ ಗಂಟಲು ಅಂಥದ್ದು. ನಮ್ಮ ಮನೆ ಪೇಟೆಯ ಆ ತುದಿ, ಅಲ್ಲೀವರೆಗೆ ಕೇಳ್ತಿರ್ಲಿಲ್ಲ. ಅದು ನನಗೆ ಗೊತ್ತಿತ್ತು."

ಬಟಾಣಿ ಮತ್ತೆ ಪಾತ್ರೆಗೆ ಬೀಳತೊಡಗಿತು. ನಾನು ಹೇಳಿದೆ, "ಅಮ್ಮ, ಇದನ್ನ ನಾನು ಅಲ್ಲಿ ಹೇಳ್ತೀನಿ."

"ಹೇಳ್ಬೇಡ."

"ಹೇಳ್ತೀನಿ."

"ನನ್ನ ಹೆಣ ಬಿದ್ದ ಮೇಲೆ ಹೇಳು."

"ಅದರ ಮುಂಚೆ ಕಲ್ಲು ನಿಂತಿರತ್ತಲ್ಲ ಅಮ್ಮ."

ಅಮ್ಮ ಪಾತ್ರೆ ನನ್ನ ಕಡೆಗೆ ತಳ್ಳಿ ಎದ್ದು ಹೋದಳು. ಗೋಡೆ ಹಿಡಿದುಕೊಂಡು ಹೋದಳು, ನನ್ನ ಕೈ ಹಿಡಿಯಲಿಲ್ಲ.

ಮಾರ್ಚ್ ೧೫

ಅಮ್ಮ ಮಾತು ಬಿಟ್ಟಿದ್ದಾಳೆ.

ಮಾರ್ಚ್ ೧೮

ಮಾತಿಲ್ಲ. ತಮ್ಮ ಬಂದಿದ್ದ. ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

"ಅಂದ್ರೆ ನಾವಿಬ್ರೂ..."

"ಹೂಂ."

"ಇದನ್ನ ಊರಿಗೆಲ್ಲ ಹೇಳಿ ಏನ್ ಸಾಧಿಸ್ತೀಯಾ ಅಕ್ಕ? ಅಮ್ಮನ ಮಾನ ಕಳೆದು ನಿನಗೇನ್ ಸಿಗತ್ತೆ? ಅಪ್ಪ ಇಲ್ದೆ ಹೋದ ಮೇಲೆ ಅದೇ ಬೋರ್ಡ್ ಮುಂದೆ ಮೂವತ್ತು ವರ್ಷ ಕೂತು ನಮ್ಮನ್ನ ಸಾಕಿದಾಳೆ. ಒಂದು ಸೇತುವೆಗೂ ಲಾಯಕ್ಕಿಲ್ವಾ ಅವಳು?"

ಅವನು ಹೇಳುವುದರಲ್ಲಿ ಒಂದು ಮಾತೂ ತಪ್ಪಿಲ್ಲ. ಅದೇ ಕಷ್ಟ. ಆದರೆ ಅರವತ್ತಮೂರು ಜನ ನನ್ನ ಬಲಪುಟದಲ್ಲಿ ಬದುಕಿ ಬದುಕಿ ನಿಜವಾಗಿ ಸತ್ತದ್ದೇ ಇಲ್ಲ ಎಂದಾಗಿದೆ. ಅವರನ್ನು ಅಳಿಸಿದವಳು ಅಮ್ಮನಲ್ಲ, ನಾನು. ಕಟಿಂಗ್ ಶಾಪಿನವರು ತಮ್ಮ ಅಮ್ಮ ಸತ್ತಿದ್ದಾಳೆ ಎಂದು ಎಲ್ಲಿಯಾದರೂ ಒಂದು ಕಡೆ ಓದಬೇಡವೇ? ತಮ್ಮ ಕೋಪಿಸಿಕೊಂಡು ಹೋದ. ಇಪ್ಪತ್ತೆರಡಕ್ಕೆ ತಾನು ಬರುವುದಿಲ್ಲ ಎಂದ.

ಬರದಿರಲಿ. ಯಾರೂ ಬರದಿದ್ದರೂ ನಾನು ಹೇಳುವವಳೇ. ಅಮ್ಮ ಮನೆಯಲ್ಲೇ ಉಳಿದರೆ ಒಳ್ಳೆಯದು ಎಂದು ದೇವರಲ್ಲಿ ಬೇಡಿಕೊಳ್ಳುವಷ್ಟು ಹೇಡಿಯಾಗಿದ್ದೇನೆ.

ಮಾರ್ಚ್ ೨೨

ಅಮ್ಮ ಬೆಳಿಗ್ಗೆ ಏಳಕ್ಕೇ ಹೊಸ ಬಟ್ಟೆ ಉಟ್ಟು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎಂಟು ದಿನದ ಮೇಲೆ ಮೊದಲ ಮಾತು, "ನಡಿ, ಹೊತ್ತಾಯ್ತು."

ಸೇತುವೆಯ ಬಳಿ ಶಾಮಿಯಾನ, ಇನ್ನೂರು ಕುರ್ಚಿ, ಶಾಲೆಯ ಮಕ್ಕಳು. ಮೂರನೇ ಸಾಲಿನಲ್ಲಿ ಅಡಿಟಿಪ್ಪಣಿ ಮೇಷ್ಟ್ರು, ಹಿಂದೆ ಕಂಬಕ್ಕೆ ಒರಗಿ ಕಟಿಂಗ್ ಶಾಪಿನವರು. ಬರುವುದಿಲ್ಲ ಎಂದಿದ್ದ ತಮ್ಮ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಪ್ರಕಾಶಕ ಪುಸ್ತಕದ ಕಟ್ಟುಗಳ ಮುಂದೆ ನಿಂತು ನನಗೆ ಕಣ್ಣಲ್ಲೇ ಕೈಮುಗಿದ.

ನನ್ನ ಹೆಸರು ಕರೆದರು. ಸುತ್ತಿ ಬಳಸಿ ಹೇಳಿದರೆ ಮೈಕ್ ಕಿತ್ತುಕೊಳ್ಳುತ್ತಾರೆಂದು ನೇರವಾಗಿ ಹೇಳಿದೆ. ಈ ಕಲ್ಲಿನ ಮೇಲಿರುವುದು ನಾನು ಕಟ್ಟಿದ ಕಥೆ. ಆ ದಿನ ಅರವತ್ತಮೂರು ಜನ ಸತ್ತರು. ಎಕ್ಸ್‌ಚೇಂಜಿನಿಂದ ಹೋದ ಕರೆ ಒಂದೇ, ಅದು ನಮ್ಮಮ್ಮ ತನ್ನ ಮಕ್ಕಳಿಗಾಗಿ ಮಾಡಿದ್ದು. ಆ ಮಕ್ಕಳಲ್ಲಿ ಒಬ್ಬಳು ನಾನು. ಪಟ್ಟಿ ತೆಗೆದು ಓದಲು ಶುರು ಮಾಡಿದೆ. ಇದ್ದಿಲು ಮಾರುವವನು. ಶಾಲೆಯ ಜವಾನನ ತಾಯಿ. ಏಳನೆಯವರಿಗೆ ಬರುವಷ್ಟರಲ್ಲಿ ಮೈಕ್ ಸತ್ತಿತು. ಎಂಜಿನಿಯರ್ ವೈರಿನ ಹತ್ತಿರ ನಿಂತಿದ್ದರು. ಮೈಕ್ ಇಲ್ಲದೆಯೇ ಓದಿದೆ, ಕೂಗಿ ಓದಿದೆ, ಅರವತ್ತಮೂರೂ. ಗದ್ದಲದಲ್ಲಿ ಯಾರಿಗೆ ಕೇಳಿಸಿತೋ ಗೊತ್ತಿಲ್ಲ. ಮೇಷ್ಟ್ರು ಎದ್ದು ನಿಂತಿದ್ದರು, ಓದಿ ಮುಗಿಯುವವರೆಗೂ ನಿಂತೇ ಇದ್ದರು.

ಆಗ ಕಟಿಂಗ್ ಶಾಪಿನವರು ನಡುವಿನ ದಾರಿಯಲ್ಲಿ ನಡೆದು ಬಂದರು. ವೇದಿಕೆಯ ಕೆಳಗೆ ನಿಂತು, ನನ್ನನ್ನು ನೋಡದೆ, ಅಮ್ಮನನ್ನು ನೋಡಿದರು. ಜನ ಸುಮ್ಮನಾದರು.

"ತಾಯಿ, ೨೧೨ಕ್ಕೆ ಯಾಕೆ ಮಾಡಲಿಲ್ಲ?"

ನಾನು ಅಡ್ಡ ಹೋಗಲು ಹೆಜ್ಜೆ ಎತ್ತಿದೆ. ಅಮ್ಮ ಕೈ ಎತ್ತಿ ತಡೆದಳು. ಕುರ್ಚಿಯ ತೋಳು ಹಿಡಿದು ಎದ್ದು ನಿಂತಳು. ಮೂವತ್ತು ವರ್ಷ ದೂರದ ಊರುಗಳಿಗೆ ಮಾತು ಮುಟ್ಟಿಸಿದ ಗಂಟಲು, ಅದಕ್ಕೆ ಮೈಕ್ ಬೇಕಿರಲಿಲ್ಲ.

"ಒಂದೇ ಲೈನ್ ಇತ್ತಪ್ಪ. ನನ್ನ ಮಕ್ಕಳಿಗೆ ಮಾಡಿದೆ. ನಿಮ್ಮಪ್ಪನ ದೀಪ ಐದು ಸಲ ಹತ್ತಿದ್ದು ನೋಡ್ದೆ, ನೋಡಿಯೂ ಎತ್ತಲಿಲ್ಲ. ಅದಕ್ಕೆ ಕ್ಷಮೆ ಕೇಳೋ ಮುಖ ನನಗಿಲ್ಲ. ಆದ್ರೆ ನಿನಗೆ ಸುಳ್ಳು ಹೇಳಲ್ಲ. ಇವತ್ತು ಅದೇ ಒಂದು ಲೈನ್ ಕೊಟ್ರೂ ಅವರಿಗೇ ಮಾಡ್ತೀನಿ."

ಅವರು ನಿಂತೇ ಇದ್ದರು. ಬೈಯುತ್ತಾರೆ ಅನ್ನಿಸಿತು, ಬೈಯಲಿ ಅನ್ನಿಸಿತು. "ಯಾಕೆ ಅಂತ ನಮ್ಮಪ್ಪನಿಗೆ ಯಾರೂ ಹೇಳಲಿಲ್ಲ" ಎಂದರು. ಅಷ್ಟೇ. ತಿರುಗಿ ಹೋದರು. ಕಲ್ಲಿನ ಪರದೆಯನ್ನು ಯಾರೂ ಸರಿಸಲಿಲ್ಲ. ನಗರಸಭೆಯವರು ಮಕ್ಕಳಿಗೆ ಬಾಳೆಹಣ್ಣು ಹಂಚಿ ಮನೆಗೆ ಕಳಿಸಿದರು.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಎಡಗಡೆ ಕೂತು ಕಿಟಕಿಯಾಚೆ ನೋಡುತ್ತಿದ್ದಳು. "ಬಟ್ಟೆ ದಂಡ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

ಏಪ್ರಿಲ್ ೨

ಪ್ರಕಾಶಕ ಪತ್ರ ಕಳಿಸಿದ್ದಾನೆ, ಸಂಬಂಧ ಮುಗಿಯಿತು. ಮೇಷ್ಟ್ರು ಲೇಖನ ಬರೆದಿದ್ದಾರೆ, ನನ್ನನ್ನು ಇನ್ನೂ ಬೈದಿದ್ದಾರೆ, ಒಂದು ಅಡಿಟಿಪ್ಪಣಿಯಲ್ಲಿ ಮಾತ್ರ ಹೊಗಳಿದ್ದಾರೆ. ಕಲ್ಲು ಇನ್ನೂ ಪರದೆಯೊಳಗಿದೆ.

ಹನ್ನೆರಡನೆಯದು ಶುರು ಮಾಡಿದ್ದೇನೆ. ಯಾರು ಅಚ್ಚು ಹಾಕುತ್ತಾರೋ ನನಗೆ ಬೇಕಿಲ್ಲ. ಎಡಪುಟದಲ್ಲಿ: ಅಮ್ಮ ಒಂದೇ ಕರೆ ಮಾಡಿದಳು, ಔಷಧಿ ಅಂಗಡಿಗೆ. ಬಲಪುಟದಲ್ಲಿ: ಅಮ್ಮ ಒಂದೇ ಕರೆ ಮಾಡಿದಳು, ೨೧೨ಕ್ಕೆ. ಬೇರೆ ಯಾವುದಕ್ಕೂ ಕೈ ಹಾಕುವಂತಿಲ್ಲ. ತಗ್ಗಿನ ಪೇಟೆ ಉಳಿಯುತ್ತದೆ. ಆರು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು ಉಳಿಯುವುದಿಲ್ಲ.

ಬೆಳಿಗ್ಗೆ ಕಟಿಂಗ್ ಶಾಪಿಗೆ ಹೋಗಿ ಕೇಳಿದೆ, ನಿಮ್ಮ ತಂಗಿಯರು ದೊಡ್ಡವರಾಗಿದ್ದರೆ ಏನಾಗುತ್ತಿದ್ದರು ಎಂದು. ಯಾರದೋ ತಲೆಗೂದಲು ಕತ್ತರಿಸುತ್ತಲೇ ಹೇಳಿದರು, "ದೊಡ್ಡವಳು ಜಗಳಗಂಟಿ. ವಕೀಲೆ ಆಗ್ತಿದ್ಲು, ಅನುಮಾನವೇ ಬೇಡ." ಚಿಕ್ಕವಳು? ಕತ್ತರಿ ನಿಂತಿತು. "ಅವಳಿಗೆ ಒಂದೂವರೆ ವರ್ಷ. ಅವಳನ್ನ ನೀವೇ ಮಾಡ್ಕೋಬೇಕು."

ತಮ್ಮನಿಗೂ ಫೋನಿನಲ್ಲಿ ಹೇಳಿದೆ. "ನನ್ನನ್ನ ಯಾವ ಪುಟದಲ್ಲಿ ಮುಗಿಸ್ತೀಯಾ?" ಎಂದ. ಹನ್ನೊಂದರಲ್ಲಿ, ನನ್ನ ಜೊತೆಗೇ ಎಂದೆ. "ಕೈ ಹಿಡ್ಕೊಂಡಿರು" ಎಂದ.

ಸಂಜೆ ಅಮ್ಮನಿಗೆ ಓದಿದೆ. ಹನ್ನೊಂದನೇ ಪುಟ ಬಂದಾಗ ನಿಲ್ಲಿಸಲೇ ಎಂದೆ. ಓದು ಎಂದಳು. ಓದಿ ಮುಗಿಸಿದೆ.

"ಮುಂದೆ ನಾನೇನ್ ಮಾಡ್ತೀನಿ?"

"ಗೊತ್ತಾಗ್ತಿಲ್ಲ ಅಮ್ಮ. ನಾಲ್ಕು ದಿನದಿಂದ ಅಲ್ಲೇ ನಿಂತಿದೆ."

"ನಿನಗೆಲ್ಲಿ ಗೊತ್ತಾಗತ್ತೆ. ನನಗೆ ಗೊತ್ತು. ಐವತ್ತಾರು ವರ್ಷದಿಂದ ದಿನಾ ಅದನ್ನೇ ನೋಡ್ತಿದೀನಿ." ಅಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಬರ್ಕೋ. ಆರು ಗಂಟೆಗೆ ಡ್ಯೂಟಿ ಮುಗೀತು. ಎಲ್ಲರೂ ನನ್ನ ಬೆನ್ನು ತಟ್ಟಿದ್ರು. ಮನೆ ಕಡೆ ನಡ್ಕೊಂಡು ಹೋದೆ. ಮೊದಲು ಸಿಕ್ಕಿದ್ದು ನಿನ್ನ ಚಪ್ಪಲಿ."